ಅಳಿಯನ ಲೋಡರ್

ನಯನ: ಅವಲಕ್ಕಿ ಫ್ಯಾನಿನ ರೆಕ್ಕೆ ಮೇಲೆ ಕೂತಿದೆ ಕಣ್ರೀ! ಫ್ಯಾನ್ ಮೇಲೆ! ಯಾವ ಮನೇಲಾದ್ರೂ ಹಿಂಗೆ ತಿಂಡಿ ಬಡಿಸ್ತಾರಾ?

ಬಸವೇಶ್: ಬಡಿಸಿದ್ದಲ್ಲ ಕಣೇ, ಗಾಡಿ ಬಕೆಟ್ಟಿಗೆ ಲೋಡ್ ಹಾಕಿ ನೋಡಿದ್ದು. ವಾಲ್ವು ಅರ್ಧ ತಿರುಗ್ಬೇಕಿತ್ತು, ಪೂರ್ತಿ ತಿರುಗ್ಬಿಡ್ತು. ಗಾಳಿ ಸ್ವಭಾವಾನೇ ಹಂಗೆ. ಮೋಟ್ರಾದ್ರೆ ಹೇಳಿದ್ ಮಾತು ಕೇಳುತ್ತೆ, ಗಾಳಿ ಕೇಳಲ್ಲ.

ನಯನ: ಈ ಮನೇಲಿ ಯಾರ್ ಯಾರ್ ಮಾತು ಕೇಳ್ತಾರೆ ಅಂತ ಪಾಪ ಅದು ಕೇಳ್ಬೇಕು?

ಬಸವೇಶ ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ, ಸುಟ್ಟುಹೋದ ಪಂಪ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟವನು. ಕೈಹಿಡಿದ ಕೆಲಸ, ಒಳ್ಳೆಯ ಹೆಸರು. ಈಚೆಗೆ ಅವನಿಗೊಂದು ಹುಚ್ಚು ಹಿಡಿದಿತ್ತು. ಒಂದಕ್ಕೊಂದು ಕಚ್ಚಿಕೊಳ್ಳುತ್ತವಲ್ಲ, ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳು, ಅವುಗಳಲ್ಲಿ ಗಾಡಿ ಕಟ್ಟುವುದು. ಈಗ ಊಟದ ಮೇಜಿನ ಮೇಲೆ ನಿಂತಿದ್ದದ್ದು ಹಳದಿ ಬಣ್ಣದ ಒಂದು ಲೋಡರ್. ಮಲಗಿದ ಬೆಕ್ಕಿನಷ್ಟು ಗಾತ್ರ, ದಪ್ಪ ದಪ್ಪ ಟೈರು, ಚಕ್ರಕ್ಕೆ ಮೋಟಾರು, ಮುಂದಿನ ಬಕೆಟ್ ಎತ್ತಲು ಬೆರಳುದ್ದದ ಗಾಳಿ ಸಿಲಿಂಡರು, ಗಾಳಿ ತುಂಬಲು ಹೊಟ್ಟೆಯೊಳಗೆ ಪುಟ್ಟದೊಂದು ಪಂಪು. ಎಲ್ಲಕ್ಕೂ ಕೈಯಲ್ಲಿ ಹಿಡಿಯುವ ಒಂದು ರಿಮೋಟು.

ನಯನ: ಅದ್ಯಾವ್ದು ಆ ಬಿಳೀ ಪೈಪು? ಎಲ್ಲೋ ನೋಡ್ದಂಗಿದೆ.

ಬಸವೇಶ್: ಗ್ಲೂಕೋಸ್ ಏರಿಸೋ ಪೈಪು. ಮೆಡಿಕಲ್ಸಲ್ಲಿ ತಂದೆ. ಹೊಸಾದು ಕಣೇ, ಯಾರಿಗೂ ಹಾಕಿದ್ದಲ್ಲ.

ನಯನ: ಕೊಡಿ ಇಲ್ಲಿ, ನನಗೇ ಹಾಕ್ಕೋತೀನಿ. ಬೆಳಗ್ಗೆಯಿಂದ ಬಗ್ಗಿ ಬಗ್ಗಿ ಇಟ್ಟಿಗೆ ಆರ್ಸಿ ತಲೆ ಸುತ್ತು ಬಂದೈತೆ. ಕಸ ಗುಡಿಸೋಕೆ ಪೊರಕೆ ಹಿಡಿದ್ರೆ, 'ನಿಲ್ಲು, ಅದ್ರಲ್ಲಿ ಒಂದ್ ಗೇರು ಇರ್ಬೇಕು' ಅಂತೀರಿ. ಕಸ ಜರಡಿ ಹಿಡಿಯೋ ಮನೆ ಇದೊಂದೇ!

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ನಯನಳ ಅಪ್ಪ ಬೆನಕಪ್ಪ. ಪಂಚನಹಳ್ಳಿ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿದ್ದರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಬೂದುಗುಂಬಳಕಾಯಿ, ಕೊರಳಲ್ಲಿ ಚೆಂಡುಹೂವಿನ ಹಾರ. ಹಾರ ತಮಗೆ ಹಾಕಿಕೊಂಡದ್ದಲ್ಲ, ಎರಡು ಕೈಯೂ ತುಂಬಿದ್ದರಿಂದ ಕೊರಳಿಗೆ ತೂಗುಹಾಕಿಕೊಂಡದ್ದು. ಬಲಗೈಯ ಚೀಲದಲ್ಲಿ ತೆಂಗಿನಕಾಯಿ, ಕರ್ಪೂರ, ನಿಂಬೆಹಣ್ಣು.

ಬೆನಕಪ್ಪ: ಎಲ್ಲೈತೆ? ಎಲ್ಲೈತೆ? ರಸ್ತೆಗೆಲ್ಲಾ ನೋಡ್ಕಂಡ್ ಬಂದೆ. ಸ್ಟೇಷನ್ ತಂಕ ಹೋಗಿ ಬಂದೆ. ಎಲ್ಲಿ ನಿಲ್ಸಿದೀರಿ ಅಳಿಯಂದ್ರೇ?

ಬಸವೇಶ್: ಏನು ಮಾವ?

ಬೆನಕಪ್ಪ: ಲೋಡರ್ರು!

ಬಸವೇಶನ ಮುಖ ಅರಳಿತು. ಅವನ ಲೋಡರನ್ನು ಕೇಳಿಕೊಂಡು ಮನೆ ಬಾಗಿಲಿಗೆ ಬಂದ ಮೊದಲ ಮನುಷ್ಯ ಅವರು.

ಬಸವೇಶ್: ಮಾವ! ನಿಮ್ಗೂ ಗೊತ್ತಾಯ್ತಾ?

ಬೆನಕಪ್ಪ: ಗೊತ್ತಾಗ್ದೆ? ನಯನ ಅವ್ರಮ್ಮಂಗೆ ಫೋನ್ ಮಾಡಿದ್ಲಲ್ಲ. 'ಇವ್ರು ಲೋಡರ್ ಮಾಡ್ಕಂಡವ್ರೆ, ಹಗಲೂ ರಾತ್ರಿ ಅದ್ರದ್ದೇ ಧ್ಯಾನ, ಮನೆ ತುಂಬಾ ಇಟ್ಟಿಗೆ' ಅಂದ್ಲಂತೆ. ಇಟ್ಟಿಗೆ ವ್ಯಾಪಾರಾನೂ ಶುರು ಮಾಡಿದೀರಿ ಅನ್ನಿ. ಒಳ್ಳೇದು. ಗಾಡಿ ಇದ್ಮೇಲೆ ಇಟ್ಟಿಗೆ, ಇಟ್ಟಿಗೆ ಇದ್ಮೇಲೆ ಗಾಡಿ.

ಬಸವೇಶ್: ಅಷ್ಟೇ ಮಾವ! ಇಟ್ಟಿಗೆ ಇದ್ರೇನೇ ಗಾಡಿ. ಇವಳಿಗೆ ಅದೇ ಅರ್ಥ ಆಗಲ್ಲ. ಕೂತ್ಕೊಳಿ, ಒಳಗೇ ಐತೆ. ಗಾಳಿ ಒಂಚೂರು ತುಂಬ್ಕೊಂಡು ಬಂದ್ಬಿಡ್ತೀನಿ.

ಬೆನಕಪ್ಪ: ಟೈರಿಗಾ?

ಬಸವೇಶ್: ಅಲ್ಲ ಮಾವ, ತೋಳಿಗೆ.

ಅವನು ಪರದೆ ಸರಿಸಿ ಊಟದ ಮನೆಗೆ ಓಡಿದ. ಬೆನಕಪ್ಪ ತಮ್ಮ ತೋಳು ಮುಟ್ಟಿ ನೋಡಿಕೊಂಡು, ಹೊಸ ಕಾಲದ ಗಾಡಿ ಇರಬೇಕು ಎಂದುಕೊಂಡು, ಕುಂಬಳಕಾಯಿ ನೆಲಕ್ಕಿಟ್ಟು ಕುರ್ಚಿಯಲ್ಲಿ ಕೂತರು. ನಯನ ಕಾಫಿ ತಂದುಕೊಟ್ಟಳು. ಮಾತು ಪರದೆಯ ಆಚೆಗೂ ಈಚೆಗೂ ಓಡಾಡಿತು.

ಬೆನಕಪ್ಪ: ಡೀಸೆಲ್ ಎಷ್ಟು ಕುಡಿಯುತ್ತೆ?

ಬಸವೇಶ್ (ಒಳಗಿನಿಂದ): ಡೀಸೆಲ್ ಇಲ್ಲ ಮಾವ, ಬ್ಯಾಟ್ರಿ!

ಬೆನಕಪ್ಪ: ಅಬ್ಬಬ್ಬಾ, ಬ್ಯಾಟ್ರಿ ಲೋಡರ್! ನಮ್ ಕಡೂರು ತಾಲೂಕಲ್ಲೇ ಇಲ್ಲ.

ಬಸವೇಶ್: ತರೀಕೆರೇಲೂ ಇಲ್ಲ ಮಾವ. ಕಂಪ್ನೀದು ಬರೀ ಓಡ್ತಿತ್ತು. ಬಕೆಟ್ಟಿಗೆ ಗಾಳಿ ಕೊಟ್ಟಿದ್ದು ನಾನೇ.

ಬೆನಕಪ್ಪ: ಡ್ರೈವರ್ ಯಾರ್ನ ಇಟ್ಕಂಡ್ರಿ?

ಬಸವೇಶ್: ಡ್ರೈವರ್ ಬೇಡ. ನಾನು ಕುರ್ಚಿ ಮೇಲೆ ಕೂತ್ಕೊಂಡು ದೂರದಿಂದಾನೇ ಓಡಿಸ್ತೀನಿ.

ಬೆನಕಪ್ಪ: ಶಿವಶಿವಾ! ಡ್ರೈವರ್ ಕಾಟಾನೇ ಇಲ್ಲ. ಬೀಡಿ ಸೇದಕ್ಕೆ ನಿಲ್ಸಲ್ಲ, ಹಬ್ಬಕ್ಕೆ ರಜ ಕೇಳಲ್ಲ. ನಯನಾ, ನಿನ್ ಗಂಡನ್ನ ನಾನು ತಿಳ್ಕಂಡಿದ್ದೇ ತಪ್ಪು ಕಣಮ್ಮಾ.

ಅಪ್ಪ ಗಂಡನ ಕಾಲೆಳೆಯುತ್ತಿದ್ದಾರೆ ಎಂದೇ ನಯನ ನಂಬಿದ್ದಳು. ಅವರ ಕೊರಳಿನ ಹಾರವೂ ಆ ತಮಾಷೆಗೇ ಸೇರಿದ್ದು ಎಂದುಕೊಂಡಳು.

ನಯನ: ನೀವೂ ಹಿಂಗೆ ಏರಿಸಿದ್ರೆ ಅವ್ರನ್ನ ಹಿಡಿಯೋರಿಲ್ಲ ಅಪ್ಪಾಜಿ. ಮೊನ್ನೆ ಅದು ನನ್ ಕಾಲ್ ಮೇಲೇ ಹತ್ಬಿಡ್ತು ಗೊತ್ತಾ?

ಬೆನಕಪ್ಪ (ಕಾಫಿ ಲೋಟ ಕೆಳಗಿಟ್ಟು): ಏನು? ಲೋಡರ್ರಾ? ಕಾಲ್ ಮೇಲಾ? ಮಗಾ! ಯಾವ ಆಸ್ಪತ್ರೆಗೆ...

ನಯನ: ಆಸ್ಪತ್ರೆ ಯಾಕೆ? ಬಂದ ಸಿಟ್ಟಿಗೆ ಒಂದ್ ಒದ್ದೆ ನೋಡಿ. ಅದೇ ಹೋಗಿ ಗೋಡೆಗೆ ಬಿತ್ತು.

ಬೆನಕಪ್ಪ: ನೀನು... ಲೋಡರ್‌ಗೆ... ಒದ್ದೆ?

ನಯನ: ಹೂಂ. ಒಂದು ಟೈರ್ ಕಳಚ್ಕಂಡು ಮಂಚದಡಿ ಹೋಯ್ತು.

ಬೆನಕಪ್ಪ ಮಗಳ ಕಾಲನ್ನು ಬಹಳ ಹೊತ್ತು ನೋಡಿದರು.

ಬೆನಕಪ್ಪ: ಚಿಕ್ಕೋಳಿದ್ದಾಗ ಮುದ್ದೆ ಚೆನ್ನಾಗೇ ತಿಂತಿದ್ದೆ ಬಿಡು.

ಕಾಫಿ ಮುಗಿಸಿ, ಮೀಸೆ ಒರೆಸಿಕೊಂಡು, ಬೆನಕಪ್ಪ ಬಂದ ವಿಷಯಕ್ಕೆ ಬಂದರು. ಒಳಗೆ ಪುಟ್ಟ ಪಂಪು ಬುರ್ರ್ ಎನ್ನುತ್ತಿದ್ದುದರಿಂದ ಬಸವೇಶನಿಗೆ ಇದಾವುದೂ ಕೇಳಿಸಲಿಲ್ಲ.

ಬೆನಕಪ್ಪ: ನೋಡಮ್ಮಾ, ನಮ್ಮೂರ ಮಠದ ಹಿಂದಿನ ಕಲ್ಯಾಣಿ ಐತಲ್ಲ, ಹೂಳು ತುಂಬಿ ಮೆಟ್ಲೇ ಕಾಣಲ್ಲ. ನಿನ್ನೆ ಮಠದ ಸ್ವಾಮಿಗಳು, ನಮ್ ಬುದ್ಧಿಯೋರ ಮುಂದೆ ಊರೆಲ್ಲಾ ಕೂತಿತ್ತು. ಆ ಓಂಕಾರೇಶ ಎದ್ದು 'ನನ್ ಟ್ರ್ಯಾಕ್ಟರ್ ತರ್ತೀನಿ' ಅಂದ. ನಾನು ಬಿಡ್ತೀನಾ? 'ನಿನ್ ಡಬ್ಬಾ ಟ್ರ್ಯಾಕ್ಟರ್ ಮನೇಲೇ ಇಟ್ಕಳಪ್ಪಾ, ನಮ್ಮಳಿಯನ ಲೋಡರ್ ಬತ್ತದೆ' ಅಂದ್ಬಿಟ್ಟೆ. ಕೊಟ್ಟ ಮಾತಿಗೆ ಗುರುತು ಅಂತ ಬುದ್ಧಿಯೋರು ಹೂವು ಕೊಟ್ರು. ಇವತ್ತು ಮಧ್ಯಾಹ್ನ ಜನ ಎಲ್ಲಾ ಕಲ್ಯಾಣಿ ಹತ್ರ ಸೇರ್ತಾರೆ. ಇಲ್ಲೇ ಪೂಜೆ ಮಾಡಿ, ನಾನೂ ಅದ್ರಲ್ಲೇ ಕೂತ್ಕಂಡು ಹೋಗ್ತೀನಿ.

ನಯನಳ ಕೈ ಬಾಯಿಗೆ ಹೋಯಿತು. ಅಪ್ಪನ ಹಾರ, ಕುಂಬಳಕಾಯಿ, ಸ್ಟೇಷನ್ ತನಕ ಹುಡುಕಿದ್ದು, ಎಲ್ಲವೂ ಒಮ್ಮೆಗೇ ಅರ್ಥವಾಯಿತು.

ನಯನ: ಅಪ್ಪಾಜಿ... ಅದ್ರಲ್ಲಿ ಕೂರಕ್ಕಾಗಲ್ಲ.

ಬೆನಕಪ್ಪ: ಒಂದೇ ಸೀಟಾ? ಪರವಾಗಿಲ್ಲ, ನಿಂತ್ಕೋತೀನಿ.

ನಯನ: ನಿಲ್ಲಕ್ಕೂ ಆಗಲ್ಲ.

ಬೆನಕಪ್ಪ: ಹಂಗಾದ್ರೆ ಬಕೆಟ್ಟಲ್ಲೇ...

ಪರದೆ ಅಲುಗಿತು. ಅದರ ಕೆಳಗಿನಿಂದ ಹಳದಿ ಲೋಡರ್ ಗುಂಯ್ ಎನ್ನುತ್ತಾ ಹೊರಗೆ ಬಂತು, ಹಜಾರದ ನಡುವೆ ಹಾದು, ಕುಂಬಳಕಾಯಿಯ ನೆರಳಿನಲ್ಲಿ ನಿಂತು, ಬಕೆಟ್ಟನ್ನು ನಿಧಾನವಾಗಿ ಎತ್ತಿ ಬೆನಕಪ್ಪನವರಿಗೆ ನಮಸ್ಕಾರ ಮಾಡಿತು. ಹಿಂದೆಯೇ ರಿಮೋಟು ಹಿಡಿದ ಬಸವೇಶ, ಮದುವೆಯ ದಿನವೂ ಇಲ್ಲದಿದ್ದ ನಗು ಹೊತ್ತು ಬಂದ.

ಬೆನಕಪ್ಪ ಲೋಡರನ್ನು ನೋಡಿದರು. ಅಳಿಯನನ್ನು ನೋಡಿದರು. ಬಾಗಿಲಾಚೆ ರಸ್ತೆಯನ್ನೂ ಒಮ್ಮೆ ನೋಡಿದರು.

ಬೆನಕಪ್ಪ: ಮರಿ ಚೆನ್ನಾಗೈತೆ. ಇದರ ತಾಯಿ ಎಲ್ಲಿ?

ಬಸವೇಶ್: ತಾಯಿನಾ? ಇದೇ ಮಾವ ಲೋಡರ್ರು.

ಬೆನಕಪ್ಪ: ಇದೇ ಅಂದ್ರೆ?

ಬಸವೇಶ್: ಇದೇ ಅಂದ್ರೆ ಇದೇ.

ಬೆನಕಪ್ಪ ಕುರ್ಚಿಯಿಂದ ಎದ್ದರು. ಇಷ್ಟು ಹೊತ್ತು 'ಅಳಿಯಂದ್ರೇ' ಎಂದು ಬಹುವಚನದಲ್ಲಿದ್ದ ಮಾತು ಒಂದೇ ಏಟಿಗೆ ಏಕವಚನಕ್ಕೆ ಇಳಿಯಿತು.

ಬೆನಕಪ್ಪ: ಏನಯ್ಯಾ, ಮದುವೆಯಾಗಿ ಸಂಸಾರ ಮಾಡೋ ಗಂಡಸು ಆಟದ ಸಾಮಾನು ಇಟ್ಕಂಡು ಕೂತಿದೀಯಾ? ಬುದ್ಧಿಯೋರ ಮುಂದೆ ನಾನು ಹೂವು ತಗಂಡು ಬಂದಿದೀನಿ! ಈ ಚಮಚದಲ್ಲಿ ಕಲ್ಯಾಣಿ ತೋಡು ಅಂತ ಓಂಕಾರೇಶಂಗೆ ಹೇಳ್ಲಾ? ತಲೆ ಸರಿ ಐತಾ ನಿಂಗೆ? ಮೂರ್ ಕಾಸಿನ ಪ್ಲಾಸ್ಟಿಕ್ಕು...

ನಯನ: ಅಪ್ಪಾಜಿ, ಸಾಕು.

ಬೆಳಗಿನಿಂದ ಗಂಡನನ್ನು ಬೈದ ಬಾಯಿ ಅದೇ. ಆದರೆ ದನಿ ಬೇರೆ.

ನಯನ: ಆಟದ ಸಾಮಾನು ಅಂತ ನಾನು ಅನ್ಬೋದು, ನೀವು ಅನ್ಬೇಡಿ. ಇವ್ರು ಸುತ್ತಿಕೊಟ್ಟ ಮೋಟ್ರೆಲ್ಲಾ ಬೋರ್‌ವೆಲ್ ಒಳಗಿಳಿದು ಪಾತಾಳ ಸೇರ್ಕೊಳ್ತವೆ. ಜನ ನೀರು ನೋಡ್ತಾರೆ, ಮೋಟ್ರು ನೋಡಲ್ಲ. ಕಣ್ಣೆದುರಿಗೆ ದುಡಿಯೋ ಮೋಟ್ರು ಇವ್ರಿಗೆ ಇದೊಂದೇ. ಅದೂ ಸುಮ್ನೆ ಆಯ್ತಾ? ಚಕ್ರಕ್ಕೆ ಹಾಕಿದ ಗೇರು ಎಷ್ಟು ಸಲ ಕಟಕಟ ಅಂತ ಜಾರ್ತು, ಬ್ಯಾಟ್ರಿ ಡಬ್ಬ ಹಿಂದಕ್ಕೆ ಸರಿಸೋ ತನಕ ಬಕೆಟ್ ತುಂಬಿದಾಗೆಲ್ಲಾ ಎಷ್ಟು ಸಲ ಮೂತಿ ಮುಂದಾಗಿ ಬಿತ್ತು, ನಿಮಗೇನ್ ಗೊತ್ತು?

ಬಸವೇಶ್ (ಬೆರಗಾಗಿ): ನಿಂಗೆ ಇದೆಲ್ಲಾ ಹೆಂಗೆ ಗೊತ್ತು?

ನಯನ: ಬ್ಯಾಟ್ರಿ ಡಬ್ಬ ಹಿಂದಕ್ಕೆ ಸರಿಸಿದ್ದು ಯಾರು ಅನ್ಕೊಂಡ್ರಿ? ತನ್ನಷ್ಟಕ್ಕೆ ಸರೀತಾ? ನೀವು ಅಂಗಡಿಗೆ ಹೋದ್ಮೇಲೆ ನನಗೇನ್ ಬೇರೆ ಕೆಲ್ಸ!

ಬಸವೇಶ್: ಹಂಗಾದ್ರೆ ಆವತ್ತು ನಾನು ಇಟ್ಟ ಕಡೆ ಇಲ್ದೆ ಫ್ರಿಜ್ ಪಕ್ಕ ನಿಂತಿದ್ದು...

ನಯನ: ರಿವರ್ಸ್ ಸರಿಯಾಗಿ ಬರ್ಲಿಲ್ಲ.

ಆಗ ಬೆನಕಪ್ಪನವರ ಜೇಬಿನಲ್ಲಿ ಫೋನು ಕೂಗಿತು. ಓಂಕಾರೇಶ. ಬೆನಕಪ್ಪ ಸ್ವಲ್ಪ ಮಂದ ಕಿವಿಯವರಾದ್ದರಿಂದ ಅವರ ಫೋನಿನ ಮಾತು ಮನೆಮಂದಿಗೆಲ್ಲ ಕೇಳುತ್ತಿತ್ತು.

ಓಂಕಾರೇಶ್ (ಫೋನಿನಲ್ಲಿ): ಬೆನಕಪ್ಪಣ್ಣಾ, ಲೋಡರ್ ಹೊರಡ್ತಾ? ಜನ ಆಗ್ಲೇ ಮಂಕರಿ, ಗುದ್ಲಿ ತಗಂಡು ಬತ್ತಾವ್ರೆ. ನಮ್ ಡಬ್ಬಾ ಟ್ರ್ಯಾಕ್ಟರ್ ಮನೇಲೇ ಐತೆ ಕಣಣ್ಣಾ, ಚಿಂತೆ ಮಾಡ್ಬೇಡ. ದೊಡ್ಡ ಗಾಡಿ ಬರಕ್ಕೆ ದಾರಿ ಸಾಲ್ದು ಅಂತ ಬೇಲಿನೂ ಕೀಳ್ಸಿದೀನಿ.

ಬೆನಕಪ್ಪ: ಬೇಲಿ... ಕೀಳ್ಸಿದ್ಯಾ?

ಓಂಕಾರೇಶ್: ಎರಡೂ ಕಡೆ!

ಫೋನು ಇಟ್ಟು ಬೆನಕಪ್ಪ ಮತ್ತೆ ಕುರ್ಚಿಯಲ್ಲಿ ಕೂತರು. ಹಾರ ಕೊರಳಲ್ಲೇ ಇತ್ತು.

ಬಸವೇಶ್: ಮಾವ, ಫೋನ್ ಮಾಡಿ ನಿಜ ಹೇಳ್ಬಿಡಿ.

ಬೆನಕಪ್ಪ: ಬಾಯಿ ಬರಲ್ಲ ಕಣಪ್ಪಾ.

ನಯನ: ಬಾಯಿ ಬರಲ್ಲ ಅಂದ್ರೆ ನಿಜಾನೇ ಎತ್ಕೊಂಡ್ ಹೋಗಿ ತೋರ್ಸೋಣ. ಏಳಿ, ಬಸ್ಸಿಗೆ ಹೊತ್ತಾಯ್ತು.

ಲೋಡರನ್ನು ಬಟ್ಟೆಯ ಬ್ಯಾಗಿನಲ್ಲಿಟ್ಟು ಮೂವರೂ ಹೊರಟರು. ಬೀರೂರಿನಲ್ಲಿ ಬಸ್ಸು ಬದಲಿಸಿದರು. ಬೆನಕಪ್ಪ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಯಾರೂ ನೋಡಬಾರದೆಂದು ಟವೆಲ್ ಮುಚ್ಚಿದರು. ಕಡೂರು ದಾಟುವಾಗ ಕಂಡಕ್ಟರ್ ಬಂದ.

ಕಂಡಕ್ಟರ್: ಏನ್ ಯಜಮಾನ್ರೇ ಅದ್ರಲ್ಲಿ?

ಬೆನಕಪ್ಪ: ಬಟ್ಟೆ.

ಬ್ಯಾಗು: ಬುರ್ರ್ರ್.

ಕಂಡಕ್ಟರ್: ಬಟ್ಟೆ ಯಾಕೆ ಬುರ್ ಅಂತದೆ?

ಬೆನಕಪ್ಪ: ಉಣ್ಣೆ ಬಟ್ಟೆ.

ಕಂಡಕ್ಟರ್ ಮುಂದಿನ ಸೀಟಿಗೆ ಹೋದ. ಹೋದವನು ಇವರು ಇಳಿಯುವವರೆಗೂ ಆ ಕಡೆಗೆ ತಿರುಗಲಿಲ್ಲ.

ಕಲ್ಯಾಣಿಯ ಸುತ್ತ ಊರೇ ನೆರೆದಿತ್ತು. ಬೇಲಿಯನ್ನು ನಿಜವಾಗಿಯೂ ಎರಡೂ ಕಡೆ ಕಿತ್ತುಹಾಕಿದ್ದರು. ತೀರ್ಥಮ್ಮ, ಅಂದರೆ ನಯನಳ ತಾಯಿ, ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. ಎಲ್ಲರ ಮುಂದೆ, ಬಿಳಿ ಷರ್ಟು ತೊಟ್ಟು ಓಂಕಾರೇಶ ನಿಂತಿದ್ದ.

ಓಂಕಾರೇಶ್: ಗಾಡಿ ಹಿಂದೆ ಬತ್ತಾ ಐತಾ ಬೆನಕಪ್ಪಣ್ಣಾ?

ಬೆನಕಪ್ಪ ಜನರ ನಡುವೆ ಮುಂದೆ ಬಂದರು. ಬ್ಯಾಗು ಕೆಳಗಿಟ್ಟು, ಟವೆಲ್ ತೆಗೆದು, ಎರಡು ಕೈಯಲ್ಲಿ ಲೋಡರನ್ನು ಎತ್ತಿ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ನಗು ಶುರುವಾಯಿತು ನೋಡಿ, ಮಠದ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಓಂಕಾರೇಶ ನಗು ತಡೆಯಲಾರದೆ ಕಂಬ ಹಿಡಿದುಕೊಂಡ. ಬೆನಕಪ್ಪನವರ ಕಿವಿ ಕೆಂಪಾಯಿತು. ಬಸವೇಶ ನೆಲ ನೋಡಿದ. ನಯನ ಮಾತ್ರ ಅಪ್ಪನ ಪಕ್ಕದಿಂದ ಕದಲಲಿಲ್ಲ.

ಓಂಕಾರೇಶ್: ಬುದ್ಧಿಯೋರ ಮುಂದೆ ಇದಕ್ಕಾ ಹೂವು ತಗಂಡಿದ್ದು?

ಬೆನಕಪ್ಪ: ಲೋಡರ್ ತರ್ತೀನಿ ಅಂದಿದ್ದೆ, ತಂದಿದೀನಿ. ಸೈಜು ಹೇಳಿದ್ನಾ? ಅಳಿಯಂದ್ರೇ, ಇಳ್ಸಿ ಕೆಳಕ್ಕೆ!

ಬಹುವಚನ ಮರಳಿ ಬಂದದ್ದು ಬಸವೇಶನಿಗೆ ಧೈರ್ಯ ಕೊಟ್ಟಿತು. ಲೋಡರನ್ನು ಒಣಗಿದ ಹೂಳಿನ ಮೇಲಿಟ್ಟು ರಿಮೋಟು ಹಿಡಿದ. ಗಾಡಿ ಮುಂದೆ ಹೋಯಿತು, ಮೂತಿ ತಗ್ಗಿಸಿ ಒಂದು ಬಾಯಿ ಮಣ್ಣು ತುಂಬಿಕೊಂಡಿತು. ಪಂಪು ಬುರ್ರ್ ಎಂದಿತು.

ನಯನ (ಮೆಲ್ಲಗೆ): ಅರ್ಧ. ವಾಲ್ವು ಅರ್ಧ ಸಾಕು.

ಬಸವೇಶ್: ಹೂಂ.

ತೋಳು ನಡುಗಿತು, ಏಳಲೋ ಬೇಡವೋ ಎಂದು ಯೋಚಿಸಿತು, ಎದ್ದಿತು. ಹಿಂದಕ್ಕೆ ಸರಿದು, ತಿರುಗಿ, ಮಂಕರಿ ಬುಟ್ಟಿಯ ಅಂಚಿಗೆ ಬಂದು, ಒಂದು ಕಾಳೂ ಚೆಲ್ಲದೆ ಮಣ್ಣು ಸುರಿಯಿತು. ಯಾವಾಗ ನಗು ನಿಂತಿತೋ ಯಾರಿಗೂ ತಿಳಿಯಲಿಲ್ಲ. ಗುದ್ದಲಿ ಹಿಡಿದವರೆಲ್ಲ ಕುಕ್ಕರಗಾಲಲ್ಲಿ ಕೂತು ಮುಂದಕ್ಕೆ ಬಗ್ಗಿದ್ದರು.

ಓಂಕಾರೇಶ್: ಇನ್ನೊಂದ್ ಸಲ ಮಾಡ್ಸಿ.

ಇನ್ನೊಂದು ಸಲ ಆಯಿತು. ಮತ್ತೊಂದು ಸಲವೂ ಆಯಿತು. ಓಂಕಾರೇಶ ಬಿಳಿ ಷರ್ಟಿನ ತೋಳು ಮಡಚಿ, ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡ.

ಓಂಕಾರೇಶ್: ಬಸವೇಶಣ್ಣಾ, ಒಂಚೂರು ಕೊಡಿ ಇಲ್ಲಿ, ನಾನೂ ನೋಡ್ತೀನಿ.

ಬಸವೇಶ್: ತಗಳಿ, ಅದಕ್ಕೇನಂತೆ...

ರಿಮೋಟು ಓಂಕಾರೇಶನ ಕೈ ಸೇರುವ ಮೊದಲೇ ನಡುವೆ ಬೆನಕಪ್ಪನವರ ಕೈ ಬಂತು.

ಬೆನಕಪ್ಪ: ಹಂಗೆಲ್ಲಾ ಕೊಡಕ್ಕಾಗಲ್ಲ. ಕೋಟಿಗೊಂದು ಗಾಡಿ ಇದು.

ಓಂಕಾರೇಶ್: ಒಂದೇ ಒಂದ್ ಬಕೆಟ್ ಕಣಣ್ಣಾ!

ಬೆನಕಪ್ಪ: ಟ್ರ್ಯಾಕ್ಟರ್ ತಗಂಬಾ. ಜನ ಹೂಳು ತುಂಬ್ತಾರೆ, ನೀನು ಹೊಡ್ಕಂಡು ಹೋಗಿ ತೋಟಕ್ಕೆ ಸುರಿ. ಒಂದ್ ಟ್ರಿಪ್ಪಿಗೆ ಒಂದ್ ಬಕೆಟ್ ಎತ್ತಕ್ಕೆ ಕೊಡ್ತೀನಿ.

ಓಂಕಾರೇಶ್: ಇದು ಅನ್ಯಾಯ.

ಬೆನಕಪ್ಪ: ಬೇಡ್ವಾ? ಆಯ್ತು. ಅಳಿಯಂದ್ರೇ, ಬ್ಯಾಗಿಗೆ ಹಾಕಿ.

ಓಂಕಾರೇಶ್: ತತ್ತೀನಿ, ತತ್ತೀನಿ! ಅಲ್ಲೀ ತಂಕ ಬ್ಯಾಟ್ರಿ ಖರ್ಚು ಮಾಡ್ಬೇಡಿ!

ಅವನು ಓಡಿದ. ಅವನ ಟ್ರ್ಯಾಕ್ಟರ್ ಬಂದದ್ದು ನೋಡಿ ಪಕ್ಕದ ಕೇರಿಯ ರಘುವೂ ತನ್ನ ಟ್ರ್ಯಾಕ್ಟರ್ ತಂದು ಸಾಲಿನಲ್ಲಿ ನಿಂತ. ಟ್ರ್ಯಾಕ್ಟರ್ ಇಲ್ಲದವರು, ನಾವೇನು ಪಾಪ ಮಾಡಿದ್ದೇವೆ ಎಂದು ಕೇಳಿದ್ದಕ್ಕೆ, ಗುದ್ದಲಿ ಹಿಡಿದು ದುಡಿದವರಿಗೂ ಸರದಿ ಸಿಗುವುದೆಂದು ಬೆನಕಪ್ಪ ತೀರ್ಪು ಕೊಟ್ಟರು. ಹೊತ್ತು ಇಳಿಯುವಷ್ಟರಲ್ಲಿ ಹೂಳಿನಡಿಯಿಂದ ಒಂದೊಂದೇ ಕಲ್ಲು ಮೆಟ್ಟಿಲು ಮೇಲೆದ್ದವು. ಬುದ್ಧಿಯವರು ಬಂದು ನೋಡಿ, ಯಾರು ತೋಡಿದ್ದು ಎಂದು ಕೇಳಿದಾಗ, ಎಲ್ಲರೂ ಒಟ್ಟಿಗೇ ಲೋಡರ್ ಕಡೆ ಕೈ ತೋರಿಸಿದರು.

ಜನ ಚದುರಿದರು. ಬಸವೇಶ ಮಠದ ಜಗಲಿಯ ಮೇಲೆ ಓಂಕಾರೇಶನಿಗೆ ಗೇರಿನ ಲೆಕ್ಕ ವಿವರಿಸುತ್ತಿದ್ದ. ತೀರ್ಥಮ್ಮ ಮಜ್ಜಿಗೆ ಕೊಡ ಎತ್ತಿಕೊಂಡು ಮಗಳ ಹತ್ತಿರ ಬಂದರು.

ತೀರ್ಥಮ್ಮ: ನಿಮ್ಮಪ್ಪ ಎಲ್ಲೇ? ಹೊಟ್ಟೆಗೇನೂ ತಿಂದಿಲ್ಲ ಬೆಳಗ್ಗೆಯಿಂದ.

ನಯನ: ಕಲ್ಯಾಣಿ ಒಳಗವ್ರೆ ಕಣಮ್ಮಾ. ಲೋಡರ್ ಜತೆ.

ತೀರ್ಥಮ್ಮ: ಅಯ್ಯೋ, ಅದ್ರ ಬ್ಯಾಟ್ರಿ ಮುಗಿಯೋದ್ಯಾವಾಗ, ಈ ಮನುಷ್ಯ ಏಳೋದ್ಯಾವಾಗ?

ನಯನ: ಬ್ಯಾಟ್ರಿ ಮುಗ್ದು ಭಾಳ ಹೊತ್ತಾಯ್ತಮ್ಮಾ. ಅಪ್ಪಾಜಿ ಈಗ ಕೈಯಲ್ಲೇ ತಳ್ಕಂಡು, ಬಾಯಲ್ಲಿ 'ಬುರ್ರ್' ಅಂತಾವ್ರೆ.